ಎರಡು ದಿನದ ಮುಯ್ಯಿ

ಕಾರ್ತಿಕ ಕಳೆದು ಮಂಜು ಬೀಳಲು ಶುರುವಾಗಿತ್ತು. ಹೊತ್ತು ಏರುವ ಮೊದಲು ರಾಗಿ ಹೊಲಕ್ಕೆ ಇಳಿದರೆ ಸೀರೆ ಮೊಣಕಾಲಿನವರೆಗೂ ತೊಯ್ದು ಕಾಲಿಗೆ ಅಂಟಿಕೊಳ್ಳುತ್ತಿತ್ತು. ಕಣಕಟ್ಟೆಯಿಂದ ಆಚೆಗಿನ ಊರುಗಳಲ್ಲೆಲ್ಲ ಕುಯ್ಲು ಜೋರಾಗಿತ್ತು. ಮಿಷನ್ನು ಇಳಿಯುವ ಹೊಲಗಳಲ್ಲಿ ಮಿಷನ್ನು, ಇಳಿಯದ ಕಡೆ ಕುಡುಗೋಲು. ಅಂಕಮ್ಮನ ಹೊಲ ತೆಂಗಿನ ತೋಟದ ಹಿಂದಿನ ಇಳಿಜಾರಿನಲ್ಲಿತ್ತು, ಅಲ್ಲಿಗೆ ಮಿಷನ್ನು ಬರುವ ದಾರಿಯಿರಲಿಲ್ಲ. ಇದ್ದಿದ್ದರೂ ಅವಳು ಬಿಡುತ್ತಿರಲಿಲ್ಲ. ಮಿಷನ್ನು ಹುಲ್ಲನ್ನೆಲ್ಲ ಪುಡಿಮಾಡಿ ಚೆಲ್ಲಿಬಿಡುತ್ತದೆ. ಕೊಟ್ಟಿಗೆಯ ಹಸುಗಳು ವರ್ಷವೆಲ್ಲ ಏನು ತಿನ್ನಬೇಕು?

ಅವತ್ತು ಆ ಹೊಲದಲ್ಲಿ ಬಗ್ಗಿದ್ದವರು ಇಬ್ಬರೇ ಹೆಂಗಸರು. ಒಬ್ಬಳು ಅಂಕಮ್ಮ. ಇನ್ನೊಬ್ಬಳು ಬದುವಿನಾಚೆಯ ಹೊಲದ ಗುರುಸಿದ್ದಮ್ಮ, ಅಂಕಮ್ಮನಿಗಿಂತ ಏಳೆಂಟು ವರ್ಷ ದೊಡ್ಡವಳು. ಅಂಕಮ್ಮನ ಗಂಡ ಹುಚ್ಚಣ್ಣ ಮನೆಯ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ತೋಟದ ಮೋಟಾರಿಗೆ ತ್ರೀಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿಯ ವಾರದಲ್ಲಿ ಮೋಟಾರು ಹಾಕಲು ಹೋದವನು ಕಾಲುವೆಯ ಕಲ್ಲಿನ ಮೇಲೆ ಜಾರಿ ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಿದ್ದ. ಕುಯ್ದ ಅರ್ಧ ರಾಗಿ ಕಟ್ಟದೆ ಹೊಲದಲ್ಲೇ ಅರಿಯಾಗಿ ಹರಡಿ ಮಲಗಿತ್ತು, ಇನ್ನರ್ಧ ನಿಂತಿತ್ತು. ಅಷ್ಟರಲ್ಲಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಮಳೆ ಬರುತ್ತದೆ ಎಂದು ಟಿವಿಯಲ್ಲಿ ಬಂತು. ಅಂಕಮ್ಮ ಯಾರನ್ನು ಕರೆಯಲಿ ಎಂದು ಯೋಚಿಸುವಷ್ಟರಲ್ಲಿ ಗುರುಸಿದ್ದಮ್ಮ ಕುಡುಗೋಲು ಹಿಡಿದು ಬಾಗಿಲಿಗೆ ಬಂದಿದ್ದಳು. ಅವಳ ರಾಗಿ ತಡವಾಗಿ ಬಿತ್ತಿದ್ದು, ತೆನೆ ಇನ್ನೂ ಹಸಿರಾಗಿತ್ತು.

"ಕುಯ್ಲಲ್ಲಿ ಆಕಾಶ ನೋಡೋ ಕಾಲ ಬಂತಲ್ಲೇ ಅಂಕವ್ವ," ಎಂದಳು ಗುರುಸಿದ್ದಮ್ಮ, ಅರಿ ಹಾಕುತ್ತ. "ನಮ್ಮತ್ತೆ ಕಾಲ್ದಲ್ಲಿ ದೀಪಾವಳಿ ಕಳೀತು ಅಂದ್ರೆ ಮಳೆ ಗಂಟು ಕಟ್ಕಂಡು ಓಯ್ತು ಅಂತಲೇ ಲೆಕ್ಕ. ಈಗ ಬರೋವಾಗ ಬರಾಕಿಲ್ಲ, ಬ್ಯಾಡ ಅಂದಾಗ ಬಾಗ್ಲು ತಟ್ತದೆ."

"ಲೋಕ ಬಿಸಿಯಾಗೈತಂತೆ ಕಣಕ್ಕ. ನಮ್ಮ ಅಳಿಯ ಏಳ್ತಿದ್ದ."

"ಬಿಸಿಯಾದ್ರೆ ಆಗ್ಲಿ. ನೀನು ಬಿರ್ರನೆ ಕುಯ್ಯಿ."

ಎರಡು ದಿನ ಕುಯ್ದರು, ಅರಿಗಳನ್ನು ಸೇರಿಸಿ ಸಿವುಡು ಕಟ್ಟಿದರು, ಮೆದೆ ಒಟ್ಟಿ ಟಾರ್ಪಾಲು ಹೊದಿಸಿ ಕಲ್ಲು ಕಟ್ಟಿದರು. ಎರಡನೆಯ ದಿನ ಕತ್ತಲಾಗುವ ಹೊತ್ತಿಗೆ ಮೊದಲ ಹನಿ ಬಿತ್ತು. ಆಮೇಲೆ ಬಿಡದೆ ಹೊಡೆಯಿತು. ಊರಿನಲ್ಲಿ ಅನೇಕರ ರಾಗಿ ಅರಿಯಲ್ಲೇ ಮೊಳಕೆಯೊಡೆಯಿತು. ಅಂಕಮ್ಮನ ಮೆದೆಯೊಳಗೆ ಕೈ ಹಾಕಿದರೆ ಬೆಚ್ಚಗೆ ಒಣಗಿತ್ತು.

ಹೀಗೆ ಅಂಕಮ್ಮನ ಮೇಲೆ ಎರಡು ದಿನದ ಮುಯ್ಯಿ ಕೂತಿತು. ಮುಯ್ಯಿ ಎಂದರೆ ಆ ಕಡೆ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ನೀನು ನನ್ನ ಹೊಲಕ್ಕೆ ಬಂದು ಬಗ್ಗಿದಷ್ಟು ದಿನ ನಾನು ನಿನ್ನ ಹೊಲಕ್ಕೆ ಬಂದು ಬಗ್ಗಬೇಕು. ಅದಕ್ಕೆ ದುಡ್ಡು ಕೊಡುವ ಹಾಗಿಲ್ಲ, ಕೊಟ್ಟರೆ ಅವಮಾನ. ಕಳೆಗೆ ಕಳೆ, ಕುಯ್ಲಿಗೆ ಕುಯ್ಲು. ಮಧ್ಯಾಹ್ನದ ಊಟಕ್ಕೆ ಮೊದಲೇ ಮಳೆ ಬಂದು ಕೆಲಸ ನಿಂತರೆ ಆ ದಿನ ಲೆಕ್ಕಕ್ಕಿಲ್ಲ. ಮುಯ್ಯಿ ತೀರಿದ ಸಂಜೆ ಹೊಲದ ಯಜಮಾನಿ "ತೀರ್ತು ಕಣವ್ವ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ತೀರಿದ ಹಾಗಲ್ಲ.

ಆ ಎರಡನೆಯ ದಿನವೇ ಅವರು ಜೀಪನ್ನು ನೋಡಿದ್ದು. ಹೊಲದ ಮೇಲ್ಗಡೆ ಊರ ಗೋಮಾಳವಿತ್ತು, ದನ ಕುರಿ ಮೇಯುವ ಬೋರೆ. ಅಲ್ಲಿ ಜೀಪು ನಿಲ್ಲಿಸಿ, ಮೂರು ಕಾಲಿನ ಮೇಲೆ ಏನನ್ನೋ ಕೂರಿಸಿ, ಇಬ್ಬರು ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಕುರಿ ಹೊಡೆದುಕೊಂಡು ಕೆಳಗಿಳಿದ ಜವರಪ್ಪ ಬದುವಿನ ಮೇಲೆ ನಿಂತು ಸುದ್ದಿ ಹೇಳಿದ.

"ಅಣುಬಾಂಬ್ ಕಾರ್ಖಾನೆ ಮಾಡ್ತಾರಂತೆ ಕಣ್ರವ್ವ ಇಲ್ಲಿ."

"ಬಾಂಬಾ? ನಮ್ಮೂರಲ್ಲಿ ಯಾರ ಮ್ಯಾಲೆ ಆಕ್ತಾರಂತೆ?" ಎಂದಳು ಅಂಕಮ್ಮ.

"ನಂಗೇನ್ ಗೊತ್ತು. ಆ ಕನ್ನಡಕದೋನ್ನ ಕೇಳ್ದೆ. ಬಾಂಬಲ್ಲ ಅಜ್ಜ, ಕರೆಂಟು ಅಂದ. ಅಂಗಾದ್ರೆ ಯಾವಾಗ ಬತ್ತದಪ್ಪ ಕರೆಂಟು ಅಂದೆ. ಇದು ಬರೀ ಸರ್ವೆ ಅಂದ. ಸರ್ವೆ ಯಾವಾಗ ಮುಗೀತದಪ್ಪ ಅಂದೆ. ಕುರಿ ಅತ್ಲಾಗೆ ಒಡ್ಕಂಡೋಗು ಅಂದ."

ಅಂಕಮ್ಮ ನಕ್ಕಳು. ಗುರುಸಿದ್ದಮ್ಮ ನಗಲಿಲ್ಲ. ಅವಳು ನೆಟ್ಟಗೆ ನಿಂತು, ಕುಡುಗೋಲಿನ ಕೈಯನ್ನು ಹಣೆಗೆ ಅಡ್ಡ ಹಿಡಿದು, ಆ ಮೂರು ಕಾಲಿನ ಯಂತ್ರವನ್ನು ಬಹಳ ಹೊತ್ತು ನೋಡಿದಳು. ಆ ಎರಡು ದಿನದಲ್ಲಿ ಅವಳ ಕೈ ನಿಂತಿದ್ದು ಅದೊಂದೇ ಸಲ.

ಮಳೆ ನಿಂತ ಮೇಲೆ ಪಂಚಾಯ್ತಿ ಮೆಂಬರು ಚಿದಂಬರ ಬೈಕಿನಲ್ಲಿ ಬಂದ. ಹುಚ್ಚಣ್ಣನ ಕಾಲು ವಿಚಾರಿಸಿಕೊಂಡು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದ. ಗೋಮಾಳದಲ್ಲಿ ಮಣ್ಣು ಪರೀಕ್ಷೆಗೆ ಬೋರು ಕೊರೆಯಲು ಗ್ರಾಮಸಭೆಯ ಒಪ್ಪಿಗೆ ಬೇಕಂತೆ. ಸಣ್ಣ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ಹುಡುಕುತ್ತಿದ್ದಾರಂತೆ. ಬೇರೆ ಬೇರೆ ಜಿಲ್ಲೆಯಲ್ಲೂ ನೋಡುತ್ತಿದ್ದಾರಂತೆ. ಬಂದರೆ ಇಲ್ಲಿಗೆ ಬರಬಹುದು, ಬರದೆಯೂ ಇರಬಹುದು.

"ಅಂಕಕ್ಕ, ನಿಮ್ ನಂದಿತಾ ಕೈಗಾದಲ್ಲೇ ಅಲ್ವಾ ಇರೋದು? ನಿಮ್ಮಳಿಯ ಅಲ್ಲೇ ಕೆಲ್ಸ. ಮೊಮ್ಮಗು ಅಲ್ಲೇ ಉಟ್ಟಿದ್ದು. ನೀವು ಸಭೇಲಿ ಎದ್ದು ನಿಂತ್ಕಂಡು, ನಮ್ಮುಡ್ಗಿ ಅಲ್ಲೇ ಅವ್ಳೆ, ಚೆನ್ನಾಗವ್ಳೆ ಅಂತ ಒಂದ್ ಮಾತು ಅಂದ್ರೆ ಸಾಕು. ಎಂಜಿನಿಯರು ಏಳಿದ್ಕಿಂತ ಅದಕ್ಕೇ ಬೆಲೆ ಜಾಸ್ತಿ."

"ಚೆನ್ನಾಗೇನೋ ಅವ್ಳೆ," ಎಂದಳು ಅಂಕಮ್ಮ.

"ಇನ್ನೇನು ಮತ್ತೆ! ಅಗಲು ಒತ್ತು ತ್ರೀಫೇಸ್ ಬಂದಿದ್ರೆ ಉಚ್ಚಣ್ಣನ ಕಾಲು ಮುರೀತಿತ್ತಾ? ಸೋಲಾರಾದ್ರೆ ಮೋಡ ಮುಚ್ಕಂಡ್ರೆ ಇಲ್ಲ. ಇದು ಅಗಲು ರಾತ್ರಿ, ಮಳೆ ಚಳಿ ಯಾವ್ದೂ ನೋಡಲ್ಲ. ಒಗೆ ಇಲ್ಲ."

ಹುಚ್ಚಣ್ಣ ತನ್ನ ಕಾಲನ್ನೇ ನೋಡಿಕೊಂಡ. "ಕರೆಂಟು ಇಲ್ಲೇ ಮಾಡಿದ್ರೂ ನಮಗೇ ಕೊಡ್ತಾರೆ ಅಂತ ಏನ್ಲಾ ಗ್ಯಾರಂಟಿ?"

"ಅದು ಆಮೇಲಿಂದು ಬಿಡಣ್ಣ."

ಚಿದಂಬರ ಹೋದ ಮೇಲೆ ಅಂಕಮ್ಮ ಮಗಳಿಗೆ ಫೋನು ಮಾಡಿದಳು. ನಂದಿತಾ ಮಗುವಿನ ಹಲ್ಲಿನ ಬಗ್ಗೆ, ಮಾವಿನಕಾಯಿ ಉಪ್ಪಿನಕಾಯಿ ಖಾಲಿಯಾದದ್ದರ ಬಗ್ಗೆ ಮಾತಾಡಿ, ವಿಷಯ ಕೇಳಿದ ಕೂಡಲೇ "ಇವ್ರನ್ನೇ ಕೇಳಮ್ಮ" ಎಂದು ಗಂಡನ ಕೈಗೆ ಕೊಟ್ಟಳು. ಅಳಿಯ ಹೇಮಂತ್ ಅಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಟೆಕ್ನೀಷಿಯನ್. ಮೆತ್ತಗೆ ಮಾತಾಡುವ ಹುಡುಗ. ಕಲ್ಲಿದ್ದಲು ಸುಟ್ಟರೆ ಹೊಗೆ ಮೇಲೆ ಹೋಗಿ ಕಂಬಳಿ ಹೊದ್ದ ಹಾಗೆ ಕೂರುತ್ತದೆ, ಅದಕ್ಕೇ ಲೋಕ ಬಿಸಿಯಾಗಿರುವುದು, ಮಳೆ ಹೆಜ್ಜೆ ತಪ್ಪಿರುವುದು ಎಂದು ನಿಧಾನವಾಗಿ ಹೇಳಿದ. ಅಣುವಿನದರಲ್ಲಿ ಆ ಹೊಗೆ ಇಲ್ಲ.

"ಅಲ್ಲಪ್ಪ, ಒಗೆ ಇಲ್ಲ ಅಂತೀಯ. ಬೂದಿ?"

"ಬೂದಿ ಅಂತ ಅಲ್ಲ ಅತ್ತೆ. ಉರಿದು ಮುಗಿದ ಸೌದೆ ಅಂದ್ಕೊಳ್ಳಿ. ಕಲ್ಲಿದ್ದಲಿಗೆ ಹೋಲಿಸಿದ್ರೆ ಒಂದು ಮುಷ್ಟಿಯಷ್ಟು. ಆದ್ರೆ ಅದನ್ನ ಜೋಪಾನವಾಗಿ ಇಡಬೇಕು."

"ಎಷ್ಟು ದಿವ್ಸ?"

"ದಿವಸದ ಲೆಕ್ಕ ಅಲ್ಲ ಅತ್ತೆ ಅದು. ನಿಮ್ಮ ತವರಲ್ಲಿ ಬಸದಿ ಇದೆಯಲ್ಲ, ಅದನ್ನ ಕಟ್ಟಿ ಎಷ್ಟು ವರ್ಷ ಆಯ್ತೋ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಗಟ್ಟಿಯಾಗೇ ಇಡ್ತಾರೆ. ಭಯ ಪಡೋ ಹಾಗೇನಿಲ್ಲ."

"ನೀರು?"

"ನೀರು ಬೇಕು. ಇಲ್ಲಿ ಅಣೆಕಟ್ಟೇ ಇದೆ. ಅಲ್ಲಿ ಎಲ್ಲಿಂದ ತರ್ತಾರೋ ನಂಗೆ ಗೊತ್ತಿಲ್ಲ. ಸಣ್ಣದು ಅಂತಿದ್ದಾರಲ್ಲ, ಸಣ್ಣದಕ್ಕೆ ಎಷ್ಟು ಬೇಕೋ."

"ಒಂದ್ ಮಾತಲ್ಲಿ ಏಳಪ್ಪ. ಬರ್ಲಾ, ಬ್ಯಾಡ್ವಾ?"

"ಅತ್ತೆ, ನಾನು ಅದರ ಅನ್ನ ತಿಂತಿದೀನಿ. ಬೇಡ ಅಂತ ಹೆಂಗೆ ಹೇಳ್ಲಿ? ನನ್ನ ಮಾತಲ್ಲಿ ಸ್ವಲ್ಪ ಕಳೆದೇ ತಗೊಳ್ಳಿ."

ಫೋನು ಇಟ್ಟ ಮೇಲೆ ಅಂಕಮ್ಮನಿಗೆ ಇನ್ನಷ್ಟು ಗೊಂದಲವಾಯಿತು. ಅವಳ ತವರು ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿ. ಬಸದಿಯ ಕಂಬಗಳನ್ನು ಯಾರೋ ಕನ್ನಡಿಯ ಹಾಗೆ ನುಣುಪು ಮಾಡಿಟ್ಟಿದ್ದರು. ಚಿಕ್ಕವಳಿದ್ದಾಗ ಅವಳು ಆ ಕಂಬದ ಮುಂದೆ ನಿಂತು ನಾಲಿಗೆ ಚಾಚುತ್ತಿದ್ದಳು. ಮುಖ ಉದ್ದಕ್ಕೆ ಎಳೆದ ಹಾಗೆ ಕಾಣುತ್ತಿತ್ತು. ಕಂಬ ಮಾಡಿದವರ ಹೆಸರು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೋಡಿಕೊಂಡಿದ್ದವರು ಯಾರ್‍ಯಾರೋ. ನಡುವೆ ಎಷ್ಟೋ ಕಾಲ ಯಾರೂ ನೋಡಿಕೊಳ್ಳದೆ ಬಿದ್ದಿತ್ತೆಂದು ಅವಳ ಅಪ್ಪ ಹೇಳುತ್ತಿದ್ದ. ಕಂಬವನ್ನು ಯಾರೂ ನೋಡದಿದ್ದರೆ ಏನಾಗುತ್ತದೆ, ಧೂಳು ಕೂರುತ್ತದೆ. ಆ ಉರಿದ ಸೌದೆಯನ್ನು ನಡುವೆ ಯಾರೋ ನೋಡುವುದು ಮರೆತರೆ? ಆದರೆ ನೋಡಿಕೊಳ್ಳಲು ಅಷ್ಟು ಜನ ಓದಿದವರಿದ್ದಾರೆ. ಹೊಗೆ ಹೀಗೇ ಹೋದರೆ ಮುಂದಿನ ವರ್ಷ ಕುಯ್ಲಿನಲ್ಲಿ ಮತ್ತೆ ಮಳೆ. ಅವಳು ಒಲೆಯ ಮುಂದೆ ಕೂತು ಒಂದು ಸಲ ಹೌದೆಂದುಕೊಂಡಳು, ಮುದ್ದೆ ತೊಳಸುವಷ್ಟರಲ್ಲಿ ಅಲ್ಲವೆಂದುಕೊಂಡಳು.

ಗುರುಸಿದ್ದಮ್ಮ ಬಂದದ್ದು ಮಾರನೆಯ ಸಂಜೆ, ಹಾಲು ಕರೆಯುವ ಹೊತ್ತಿಗೆ. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಳು. ಕೂರೆಂದರೂ ಕೂರಲಿಲ್ಲ.

"ಅಂಕವ್ವ, ನಿನ್ ತಾವ ನಂದು ಎರಡು ದಿನ ಐತೆ."

"ಐತೆ ಕಣಕ್ಕ. ಮರೆತಿಲ್ಲ. ನಿನ್ ರಾಗಿ ಯಾವತ್ತು ಮಾಗ್ತದೋ ಅವತ್ತು ಒತ್ತು ಉಟ್ಟೋ ಮುಂಚೆ ಬದಿನ ತಾವ ನಾನಿರ್ತೀನಿ."

"ರಾಗಿಗೆ ಬ್ಯಾಡ. ರಾಗಿ ನಾನು ಮಿಷನ್ನಲ್ಲಿ ಕುಯ್ಸ್ಕಂತೀನಿ."

ಅಂಕಮ್ಮನ ಕೈ ಹಸುವಿನ ಕೆಚ್ಚಲ ಮೇಲೇ ನಿಂತಿತು. ಗುರುಸಿದ್ದಮ್ಮ ಮಿಷನ್ನಿನಲ್ಲಿ ಕುಯ್ಸುತ್ತೇನೆ ಎನ್ನುವುದನ್ನು ಅವಳು ಇದುವರೆಗೆ ಕೇಳಿರಲಿಲ್ಲ.

"ಸೋಮವಾರ ಗ್ರಾಮಸಭೆ. ಬೋರು ಬ್ಯಾಡ ಅನ್ನೋರು ಕೈ ಎತ್ತಿ ಅಂದಾಗ ನಿನ್ ಕೈ ಎತ್ತು. ಎರಡು ದಿನದ್ದೂ ಅಲ್ಲಿಗೆ ತೀರ್ತು ಅಂತೀನಿ."

"ಅಯ್ಯೋ ಅಕ್ಕ! ಅದು ಎಂಗಾದೀತು? ಕುಯ್ಲಿಗೆ ಕುಯ್ಲು ಅಲ್ವಾ?"

"ಕುಯ್ಲಲ್ಲಿ ನಾನ್ ತಂದಿದ್ದು ಏನು, ನನ್ ಕೈ. ನಾನ್ ಕೇಳ್ತಿರೋದೂ ಕೈನೇ."

"ನನ್ ಮಗ್ಳು ಅದ್ರಾಗೇ ಅನ್ನ ತಿಂತಾವ್ಳೆ ಅಕ್ಕ."

"ತಿನ್ಲಿ, ಯಾರ್ ಬ್ಯಾಡ ಅಂದೋರು? ಅಲ್ಲಿರೋದು ಅಲ್ಲೇ ಇರ್ಲಿ." ಗುರುಸಿದ್ದಮ್ಮ ಸ್ವಲ್ಪ ಹೊತ್ತು ಕೊಟ್ಟಿಗೆಯ ಹೊರಗೆ ನೋಡಿದಳು. "ನಂಗೆ ತವರಿಲ್ಲ, ನಿಂಗೆ ಗೊತ್ತಲ್ಲ. ಹೇಮಾವತಿ ಡ್ಯಾಮು ಕಟ್ಟಿದಾಗ ಇನ್ನೀರಲ್ಲಿ ಮುಳುಗೋಯ್ತು ನಮ್ಮೂರು. ನಾನು ಲಂಗ ಆಕ್ಕಂಡಿದ್ದೆ ಆಗ. ಇಂಗೇ ಮೂರ್ ಕಾಲಿಂದು ತಂದು ನಮ್ಮ ಕಣದಲ್ಲಿ ನಿಲ್ಸಿದ್ರು. ನಾನೂ ಒಂದ್ ಕಣ್ಣು ಮುಚ್ಕಂಡು ಅದ್ರಾಗೆ ನೋಡಿದ್ದೆ ಕಣೇ. ಚೆಂದ ಕಾಣ್ಸಿತ್ತು. ಬರೀ ಸರ್ವೆ ಅಂದಿದ್ರು."

ಹಸು ಕಾಲು ಒದರಿತು. ಅಂಕಮ್ಮ ಮತ್ತೆ ಕರೆಯತೊಡಗಿದಳು.

"ಆ ನೀರಿಂದ ಎಷ್ಟೋ ಜನ್ರ ಒಲ ಅಸಿರಾಯ್ತು ಅಂತಾರಲ್ಲ ಅಕ್ಕ."

"ಆಯ್ತು. ನಾನ್ ಇಲ್ಲ ಅಂದ್ನಾ? ಒಳ್ಳೇದೇ ಆಯ್ತು. ನಮ್ಮೂರೂ ಓಯ್ತು. ಎರಡೂ ನಿಜ."

ಬರುವೆ, ಎತ್ತುವೆ ಎಂದು ಅಂಕಮ್ಮ ಹೇಳಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ. ಗುರುಸಿದ್ದಮ್ಮ ಹೋದ ಮೇಲೆ ಹುಚ್ಚಣ್ಣ ಜಗಲಿಯಿಂದಲೇ ಕೂಗಿದ, "ಏನಂತೆ?"

"ಮುಯ್ಯಿ ಕೇಳ್ತಾವ್ಳೆ."

"ಓಗು ಮತ್ತೆ. ಮಳೇಲಿ ನಮ್ ರಾಗಿ ಉಳ್ಸಿದ್ದು ಅವ್ಳೇಯ."

ಅದು ಅಂಕಮ್ಮನಿಗೂ ಗೊತ್ತಿತ್ತು. ಈ ವರ್ಷ ಅವಳ ಮನೆಯವರು ತಿನ್ನುವ ಪ್ರತಿ ಮುದ್ದೆಯೂ ಆ ಕೈ ಮುಟ್ಟಿದ್ದು. ಆ ಮುಯ್ಯಿ ತೀರಿಸದಿದ್ದರೆ ಊರಿನಲ್ಲಿ ಅವಳ ಹೊಲಕ್ಕೆ ಇನ್ನೊಬ್ಬರು ಇಳಿಯುವುದಿಲ್ಲ. ಬೇರೆಯವರು ಇಳಿಯದಿದ್ದರೆ ಹೋಗಲಿ, ಗುರುಸಿದ್ದಮ್ಮನ ಮುಖ ಹೇಗೆ ನೋಡುವುದು? ಆದರೆ ಗಂಡನ ಕಾಲು? ಮಗಳ ಮನೆ? ಮನಸ್ಸಿನಲ್ಲಿ ಇಲ್ಲದ್ದನ್ನು ಕೈ ಹೇಳಿದರೆ ಅದು ಸುಳ್ಳಲ್ಲವೇ? ಮನಸ್ಸಿನಲ್ಲಿ ಏನಿದೆ ಎಂದು ಹುಡುಕಿದರೆ ಅಲ್ಲಿಯೂ ಇದೇ ಎನ್ನುವಂಥದ್ದು ಒಂದೂ ಇರಲಿಲ್ಲ.

ಸೋಮವಾರ ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ ಶಾಮಿಯಾನ ಹಾಕಿದ್ದರು. ಗಂಡಸರು ಕುರ್ಚಿಯ ಮೇಲೆ, ಹೆಂಗಸರು ಜಮಖಾನದ ಮೇಲೆ. ಪಂಚಾಯ್ತಿಯ ಪಿಡಿಒ ಮೇಡಂ ಮೈಕು ತಟ್ಟಿ ನೋಡಿ ವಿಷಯ ಓದಿದರು. ಸರ್ವೆಯ ಕಡೆಯ ಕನ್ನಡಕದ ಎಂಜಿನಿಯರು ಎದ್ದು, ದೇಶಕ್ಕೆ ಹಗಲು ರಾತ್ರಿ ಕರೆಂಟು ಬೇಕು, ಹೊಗೆಯಿಲ್ಲದ ಕರೆಂಟು ಬೇಕು, ಬಿಸಿಲು ಗಾಳಿಯ ಜೊತೆಗೆ ಇದೂ ಇದ್ದರೇ ಕಲ್ಲಿದ್ದಲು ಬಿಡಲು ಸಾಧ್ಯ ಎಂದು ಹೇಳಿದರು. ಚೆನ್ನಾಗಿಯೇ ಹೇಳಿದರು. ಅಂಕಮ್ಮನಿಗೆ ಎಲ್ಲವೂ ಸರಿ ಅನ್ನಿಸಿತು.

"ನೀರೆಲ್ಲಿಂದ ತತ್ತೀರಾ ಸ್ವಾಮಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅದು ಮುಂದಿನ ಹಂತದಲ್ಲಿ ತೀರ್ಮಾನ ಆಗುತ್ತೆ. ಈಗ ಮಣ್ಣು ಮಾತ್ರ."

"ಕುರಿ ಎಲ್ಲಿ ಮೇಯಿಸ್ಲಿ?" ಎಂದ ಜವರಪ್ಪ.

"ಅದೂ ಈಗ ಪ್ರಶ್ನೆ ಅಲ್ಲ, ಯಜಮಾನ್ರೇ. ಇಲ್ಲಿಗೇ ಬರುತ್ತೆ ಅಂತಲೇ ಇಲ್ಲ."

"ಬರಲ್ಲ ಅಂದ್ಮೇಲೆ ಯಾಕೆ ಕೊರೀತೀರ?"

"ಬರಬಹುದಲ್ಲ."

"ಬಂದ್ರೆ ಕುರಿ ಎಲ್ಲಿ ಮೇಯಿಸ್ಲಿ ಅಂತ ಅದಕ್ಕೇ ಕೇಳಿದ್ದು."

ಎಲ್ಲರೂ ನಕ್ಕರು, ಎಂಜಿನಿಯರೂ ನಕ್ಕರು. ಅಂಕಮ್ಮನಿಗೆ ಇದೂ ಸರಿ ಅನ್ನಿಸಿತು. ಚಿದಂಬರ ಅವಳ ಕಡೆ ನೋಡಿ, ಏಳಿ ಎಂದು ಕಣ್ಣಲ್ಲೇ ಹೇಳಿದ. ಅವಳು ತಲೆ ತಗ್ಗಿಸಿ ಜಮಖಾನದ ಎಳೆ ಕಿತ್ತಳು. ಪಕ್ಕದಲ್ಲಿ ಗುರುಸಿದ್ದಮ್ಮ ಸೆರಗು ಹೊದ್ದು ಕೂತಿದ್ದಳು. ಏನೂ ಹೇಳಲಿಲ್ಲ, ಮೊಣಕೈ ಕೂಡ ತಾಗಿಸಲಿಲ್ಲ. ಅವಳು ಹಾಗೆ ಸುಮ್ಮನಿದ್ದುದೇ ಅಂಕಮ್ಮನಿಗೆ ಹೆಚ್ಚು ಭಾರವಾಯಿತು.

ಮಾತು ಮುಗಿಯುವ ಲಕ್ಷಣ ಕಾಣದಾಗ ಪಿಡಿಒ ಮೇಡಂ, "ಕೈ ಎತ್ತಿಸಿಬಿಡೋಣ" ಎಂದರು. "ಮೊದಲು ಬೇಡ ಅನ್ನೋರು ಎತ್ತಿ."

ಗುರುಸಿದ್ದಮ್ಮನ ಕೈ ಎದ್ದಿತು. ಅದರ ಹಿಂದೆಯೇ ಅಂಕಮ್ಮನ ಕೈ ಎದ್ದಿತು. ಎತ್ತಿದ ಕೂಡಲೇ ಎದೆ ಹಗುರಾಯಿತು. ಪಂಚಾಯ್ತಿಯ ಗುಮಾಸ್ತ ಸಾಲಿನ ಮಧ್ಯೆ ನಡೆದು ಎಣಿಸಿದ. ಚಿದಂಬರನ ಮುಖ ಸಪ್ಪಗಾಯಿತು.

"ಇಳಿಸಿ. ಈಗ ಬೋರು ಕೊರೀಲಿ ಅನ್ನೋರು."

ಅಂಕಮ್ಮ ಒಂದು ಕ್ಷಣ ತಡೆದಳು. ಗುರುಸಿದ್ದಮ್ಮನದು ಮುಗಿಯಿತು, ಇನ್ನು ಇರುವುದು ತನ್ನದು. ಗಂಡನ ಕಾಲು ಮುರಿದದ್ದು ರಾತ್ರಿಯ ಕರೆಂಟಿನಿಂದ. ಕಾಲು ಮುರಿದವನ ಹೆಂಡತಿ ತಾನು. ಅವಳು ಮತ್ತೆ ಕೈ ಎತ್ತಿದಳು. ಪೂರ್ತಿ ಎತ್ತಲಿಲ್ಲ, ಕಿವಿಯ ಮಟ್ಟಕ್ಕೆ.

ಗುಮಾಸ್ತ ಅವಳ ಮುಂದೆ ಬಂದು ನಿಂತ. "ಏನಮ್ಮ, ನೀವು ಆಗಲೂ ಎತ್ತಿದ್ರಿ, ಈಗ್ಲೂ ಎತ್ತಿದೀರಲ್ಲ?"

"ಊಂ, ಎತ್ತಿವ್ನಿ."

"ಎರಡೂ ಎತ್ತಂಗಿಲ್ಲ. ಒಬ್ರಿಗೆ ಒಂದೇ."

"ಅದು ಗುರುಸಿದ್ದಕ್ಕಂದು ಕಣಪ್ಪ," ಎಂದಳು ಅಂಕಮ್ಮ, ಅದರಲ್ಲಿ ತಿಳಿಯದೇ ಇರುವುದೇನಿದೆ ಎನ್ನುವ ಹಾಗೆ. "ಮುಯ್ಯಿ ಇತ್ತು, ತೀರಿಸ್ದೆ. ಇದು ನಂದು."

ಮೊದಲು ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಆಮೇಲೆ ಶಾಮಿಯಾನವೆಲ್ಲ ನಕ್ಕಿತು. ಪಿಡಿಒ ಮೇಡಂ ಏನೆಂದು ಕೇಳಿ, ಗುಮಾಸ್ತ ಹೇಳಿ, ಅವರು ಮೈಕಿನಲ್ಲಿ, "ಅಮ್ಮ, ಹಾಗೆಲ್ಲ ಮುಯ್ಯಿಗೆ ಕೈ ಎತ್ತೋ ಹಾಗಿಲ್ಲ. ಸ್ವಂತ ಅಭಿಪ್ರಾಯ ಇರಬೇಕು" ಎಂದರು.

"ಅಂಗಾದ್ರೆ ನಂದೂ ತೆಗೀರಿ ಮೇಡಂ," ಎಂದು ಜವರಪ್ಪ ಎದ್ದು ನಿಂತ. ಅವನ ಕೈ ಇನ್ನೂ ಮೇಲೇ ಇತ್ತು, ಕೊರೆಯಲಿ ಅನ್ನುವವರ ಕಡೆ. "ನನ್ ಒಲ ಉತ್ತಿದ್ದು ಚಿದಂಬ್ರನ ಟ್ರಾಕ್ಟ್ರು. ಅದಕ್ಕೇ ಎತ್ತಿದ್ದು. ಇಲ್ಲದಿದ್ರೆ ಕುರಿ ಇಟ್ಕಂಡಿರೋ ನಾನು ಯಾಕ್ ಎತ್ತೀನಿ?"

"ಏನ್ಲಾ ಜವ್ರ, ಟ್ರಾಕ್ಟ್ರಿಗೂ ಇದ್ಕೂ ಏನ್ಲಾ ಸಂಬಂಧ!" ಎಂದು ಚಿದಂಬರ ಕುರ್ಚಿಯಿಂದ ಎದ್ದ.

"ನಿನ್ನೆ ಸಂಜೆ ನೀನೇ ಅಲ್ವೇನ್ಲಾ ಏಳಿದ್ದು ಸಂಬಂಧ ಐತೆ ಅಂತ?"

ಅಲ್ಲಿಂದ ಸಭೆ ಹಳಿ ತಪ್ಪಿತು. ಒಬ್ಬ, ತಾನು ಬೇಡ ಅಂದದ್ದು ಭಾವಮೈದುನ ಹೇಳಿದ್ದಕ್ಕೆ ಎಂದ. ಒಬ್ಬಳು, ತಾನು ಯಾವುದಕ್ಕೆ ಎತ್ತಿದೆನೆಂದೇ ಗೊತ್ತಾಗಲಿಲ್ಲ, ಎಲ್ಲರೂ ಎತ್ತಿದರು ಎಂದಳು. ಎಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಪಿಡಿಒ ಮೇಡಂ, ಲೆಕ್ಕ ಸರಿ ಬರುತ್ತಿಲ್ಲ, ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಸಭೆ ಕರೆಯುತ್ತೇವೆ, ಇವತ್ತಿನದು ಯಾವುದೂ ಇಲ್ಲ ಎಂದು ಹೇಳಿ ಮೈಕು ಆರಿಸಿದರು.

ಶಾಲೆಯ ಗೇಟಿನ ಹತ್ತಿರ ಅಂಕಮ್ಮ ಓಡಿಹೋಗಿ ಗುರುಸಿದ್ದಮ್ಮನ ಜೊತೆ ಸೇರಿಕೊಂಡಳು.

"ಅಕ್ಕ, ನಾನ್ ಎತ್ತಿದ್ದೆ. ಮೊದ್ಲು ನಿಂದಕ್ಕೇ ಎತ್ತಿದ್ದು."

"ನೋಡ್ದೆ."

"ತೀರ್ತಲ್ಲ?"

"ಅಳಿಸಾಕ್ಬಿಟ್ರಲ್ಲೇ. ಊಟಕ್ ಮುಂಚೆ ಮಳೆ ಬಂದಂಗಾಯ್ತು." ಗುರುಸಿದ್ದಮ್ಮನ ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಮುಂದೆ ನಡೆದುಬಿಟ್ಟಳು.

ಅದಾದ ಮೇಲೆ ಬದುವಿನ ಆಚೆಗೂ ಈಚೆಗೂ ಮಾತಿಲ್ಲದೆ ಒಂದು ವಾರ ಕಳೆಯಿತು. ಗುರುಸಿದ್ದಮ್ಮನ ರಾಗಿ ಮಾಗಿ ಕೆಂಪಾಯಿತು. ಮಿಷನ್ನು ಬಂತು, ಮಳೆಗೆ ಮಲಗಿದ್ದ ಕಡೆ ಅದರ ಹಲ್ಲು ಇಳಿಯದೆ, ನಿಂತದ್ದನ್ನಷ್ಟು ಕುಯ್ದು ಹೊರಟುಹೋಯಿತು. ಮಲಗಿದ್ದ ಭಾಗ ಹಾಗೇ ಉಳಿಯಿತು, ನೆಲಕ್ಕೆ ಚಾಪೆ ಹಾಸಿದಂತೆ. ಮಾರನೆಯ ಬೆಳಿಗ್ಗೆ ಸೊಸೆ ಸಿರಿ ಜೊತೆ ಗುರುಸಿದ್ದಮ್ಮ ಹೊಲಕ್ಕೆ ಬಂದಾಗ ಅಂಕಮ್ಮ ಆಗಲೇ ಮೂಲೆಯಿಂದ ಹಿಡಿದಿದ್ದಳು. ಮಂಜಿನಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಯಾಕೆ ಬಂದೆ ಎಂದು ಗುರುಸಿದ್ದಮ್ಮ ಕೇಳಲಿಲ್ಲ. ತಾನೂ ಪಕ್ಕದ ಸಾಲು ಹಿಡಿದಳು. ಮಲಗಿದ ಪೈರನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬುಡಕ್ಕೆ ಕುಡುಗೋಲು ಹಾಕಬೇಕು. ನಿಂತ ರಾಗಿಗಿಂತ ಎರಡು ಪಟ್ಟು ಕೆಲಸ. ಮಧ್ಯಾಹ್ನ ಸಿರಿ ಬುತ್ತಿ ಬಿಚ್ಚಿದಾಗ ಗುರುಸಿದ್ದಮ್ಮ ತಾನೇ ಕೈ ತೊಳೆದು ಬಂದು ಅಂಕಮ್ಮನ ತಟ್ಟೆಗೆ ಮುದ್ದೆ ಹಾಕಿ, ಮೇಲೆ ಅವರೆಕಾಳಿನ ಸಾರು ಬಿಟ್ಟಳು.

"ಕಾಲು ಎಂಗೈತೆ ಉಚ್ಚಣ್ಣಂದು?"

"ಕೋಲು ಊರ್ಕಂಡು ಓಡಾಡ್ತಾವ್ರೆ."

"ಮೋಟ್ರು?"

"ಈ ವಾರ ರಾತ್ರಿ ಪಾಳಿ. ನಾನೇ ಓಗಿ ಆಕ್ಬತ್ತೀನಿ."

"ಬ್ಯಾಟ್ರಿ ತಗಂಡೋಗು," ಎಂದಳು ಗುರುಸಿದ್ದಮ್ಮ. ಅಷ್ಟೇ ಮಾತು.

ಸಂಜೆಯ ಹೊತ್ತಿಗೆ ಮಲಗಿದ್ದ ರಾಗಿಯಲ್ಲಿ ಅರ್ಧ ಮುಗಿದಿತ್ತು. ಅಂಕಮ್ಮ ಸೊಂಟ ನೆಟ್ಟಗೆ ಮಾಡಿ, ಕುಡುಗೋಲಿಗೆ ಹತ್ತಿದ್ದ ಹುಲ್ಲು ಒರೆಸಿದಳು.

"ನಾಳೆನೂ ಇವತ್ತು ಬಂದ ಒತ್ತಿಗೇ ಬತ್ತೀನಕ್ಕ. ನಾಳೆಗೆ ಎರಡು ದಿನನೂ ಆಯ್ತದೆ."

"ನಾಳೆ ಬ್ಯಾಡ. ಉಳ್ದಿದ್ದು ನಾನೂ ಸಿರಿನೂ ಕುಯ್ಕಂತೀವಿ."

"ಮತ್ತೆ ಆ ಒಂದ್ ದಿನ?"

ಗುರುಸಿದ್ದಮ್ಮ ಸಿವುಡಿನ ಹುರಿ ಬಿಗಿಯುತ್ತಿದ್ದಳು. ಗಂಟು ಹಾಕಿ ಮುಗಿಸಿದ ಮೇಲೆಯೇ ಮಾತಾಡಿದ್ದು.

"ಇರ್ಲಿ ಬಿಡು. ಸಂಕ್ರಾಂತಿ ಕಳೆದ್ಮೇಲೆ ಇನ್ನೊಂದ್ ಸಭೆ ಕರೀತಾರಂತಲ್ಲ."

ಅದು ಮುನಿಸು ಬಿಟ್ಟ ಮಾತೋ, ಮುನಿಸಿನದೇ ಮಾತೋ, ತಮಾಷೆಯೋ ಅಂಕಮ್ಮನಿಗೆ ತಿಳಿಯಲಿಲ್ಲ. ಮುಖ ನೋಡೋಣವೆಂದರೆ ಗುರುಸಿದ್ದಮ್ಮ ಮುಂದಿನ ಸಿವುಡಿಗೆ ಬಗ್ಗಿಯಾಗಿತ್ತು. ಬದು ದಾಟಿ ಬರುವಾಗ ಅಂಕಮ್ಮ ಗೋಮಾಳದ ಕಡೆ ನೋಡಿದಳು. ಸರ್ವೆಯವರು ನೆಟ್ಟುಹೋಗಿದ್ದ ಗೂಟಗಳ ತಲೆಗೆ ಕೆಂಪು ಬಟ್ಟೆ ಹಾಗೇ ಇತ್ತು. ಒಂದು ಗೂಟಕ್ಕೆ ಜವರಪ್ಪನ ಕುರಿಯೊಂದು ಮೈ ಉಜ್ಜಿಕೊಳ್ಳುತ್ತಿತ್ತು.

ಹುಚ್ಚಣ್ಣ ಜಗಲಿಯ ಮೇಲೆ ಕೋಲನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಕೂತಿದ್ದ.

"ತೀರ್ತೇನೇ?"

"ಒಂದ್ ದಿನ ಐತೆ."

"ಯಾವತ್ತು ಓಗ್ತೀಯ?"

ಅಂಕಮ್ಮ ಕುಡುಗೋಲು ಹಿಡಿದು ಜಗಲಿ ಹತ್ತಿದಳು. ಕುಯ್ಲು ಮುಗಿದ ಸಂಜೆ ಕುಡುಗೋಲನ್ನು ಸೂರಿನ ಸಂದಿಗೆ ಸಿಗಿಸುವುದು ಅವರ ಮನೆಯ ವಾಡಿಕೆ. ಅದು ಮತ್ತೆ ಇಳಿಯುವುದು ಮುಂದಿನ ವರ್ಷಕ್ಕೆ. ಅವಳು ಸೂರಿನ ತನಕ ಕೈ ಎತ್ತಿದಳು, ತಡೆದಳು, ಇಳಿಸಿದಳು. ಕುಡುಗೋಲನ್ನು ಜಗಲಿಯ ಮೂಲೆಯಲ್ಲಿ, ಕೈಗೆ ಸಿಗುವ ಹಾಗೆ, ಗೋಡೆಗೆ ಒರಗಿಸಿಟ್ಟು ಹಾಲು ಕರೆಯಲು ಒಳಗೆ ಹೋದಳು.